ಆಲಮಟ್ಟಿಯ ವಾದವನ್ನು ಕಂಪ್ಯೂಟರ್ ತೀರ್ಮಾನಿಸುತ್ತದೆಯೇ?

ನಮ್ಮ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ನೀರಿನ ಮಾತು ತೆಗೆದರೆ ಅದು ಆಲಮಟ್ಟಿ ಅಣೆಕಟ್ಟಿನ ಎತ್ತರಕ್ಕೇ ಬಂದು ನಿಲ್ಲುತ್ತದೆ. ಸುಪ್ರೀಂ ಕೋರ್ಟ್ 2000ದಲ್ಲಿ 519.6 ಮೀಟರ್‌ಗೆ ಒಪ್ಪಿತು. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ 524.256 ಮೀಟರ್ ಎಂದಿತು. ಮುಳವಾಡ, ಚಿಮ್ಮಲಗಿ ಏತ ನೀರಾವರಿಯನ್ನು ನೆಚ್ಚಿದ ರೈತರಿಗೆ ಇವು ಬರೀ ಅಂಕಿಗಳಲ್ಲ. ಇಂಥ ಜಟಿಲ ವಾದವನ್ನು ಬಿಡಿಸಿ ತೋರಿಸುವ ಸಾಧನವನ್ನು ಬ್ರೌಸರಿನಲ್ಲೇ ನಡೆಯುವಂತೆ ಕಟ್ಟಬಹುದು. ಅದಕ್ಕೆ ವಾದ ಸಾಲ್ವರ್ ಎನ್ನೋಣ. ಅದರ ಬಗ್ಗೆ ಕೆಲವು ತಪ್ಪು ತಿಳಿವಳಿಕೆಗಳಿವೆ.

ತಪ್ಪು ಕಲ್ಪನೆ: ಯಾರ ಮಾತು ಸತ್ಯ ಎಂದು ಸಾಲ್ವರ್ ಹೇಳುತ್ತದೆ.

ವಾಸ್ತವ: ಸತ್ಯ ಅದಕ್ಕೆ ಗೊತ್ತಿಲ್ಲ. ಫಾನ್ ಮಿನ್ ಡುಂಗ್ ಎಂಬ ವಿದ್ವಾಂಸರು 1995ರಲ್ಲಿ ಕೊಟ್ಟ ಚೌಕಟ್ಟಿನಲ್ಲಿ ಇರುವುದು ಎರಡೇ: ವಾದಗಳು, ಮತ್ತು ಯಾವ ವಾದ ಯಾವುದನ್ನು ಖಂಡಿಸುತ್ತದೆ ಎಂಬ ಬಾಣದ ಗುರುತುಗಳು.

ಆಲಮಟ್ಟಿಯನ್ನೇ ಇಡೋಣ. ‘ಅಣೆಕಟ್ಟನ್ನು ಎತ್ತರಿಸಬೇಕು’ ಎಂಬುದು ನಮ್ಮ ರಾಜ್ಯದ ವಾದ. ‘ಹಿನ್ನೀರಿನಿಂದ ಸಾಂಗ್ಲಿ, ಕೊಲ್ಹಾಪುರ ಮುಳುಗುತ್ತವೆ’ ಎಂಬ ಮಹಾರಾಷ್ಟ್ರದ ಮಾತು ಅದನ್ನು ಖಂಡಿಸುತ್ತದೆ. 2019ರಲ್ಲಿ ಅಲ್ಲಿ ಬಂದ ಪ್ರವಾಹದ ನಂತರ ಮಹಾರಾಷ್ಟ್ರವೇ ನೇಮಿಸಿದ ವಡ್ನೇರೆ ಸಮಿತಿ, ಆ ನೆರೆಗೆ ಆಲಮಟ್ಟಿ ಕಾರಣವಲ್ಲ ಎಂದಿತು. ಆ ವರದಿಗೆ ಎದುರಾಗಿ ಯಾರೂ ಏನೂ ಬರೆಯದಿದ್ದರೆ ಮಹಾರಾಷ್ಟ್ರದ ವಾದ ಬಿದ್ದು ನಮ್ಮದು ಮತ್ತೆ ಎದ್ದು ನಿಲ್ಲುತ್ತದೆ. ಖಂಡಿಸಿದವನನ್ನೇ ಖಂಡಿಸಿದರೆ ಮೊದಲಿನವನಿಗೆ ಉಸಿರು ಬಂದಂತೆ.

ಆದರೆ ‘ಕೆಳಗಿನ ರಾಜ್ಯಗಳಿಗೆ ನೀರು ಕಡಿಮೆಯಾಗುತ್ತದೆ’ ಎಂಬ ತೆಲಂಗಾಣದ ವಾದ ಇನ್ನೂ ಉಳಿದಿದೆ. ಅದೂ ನಮ್ಮದೂ ಒಂದನ್ನೊಂದು ಖಂಡಿಸುತ್ತವೆ ಎಂದು ಬರೆದರೆ ಸಾಲ್ವರ್ ಎರಡು ಉತ್ತರ ಕೊಡುತ್ತದೆ. ಒಂದರಲ್ಲಿ ನಿಲ್ಲುವುದು ಸಮಿತಿಯ ವರದಿ ಮತ್ತು ನಮ್ಮ ವಾದ. ಇನ್ನೊಂದರಲ್ಲಿ ಅದೇ ವರದಿ ಮತ್ತು ತೆಲಂಗಾಣ. ಅನುಮಾನವಿಲ್ಲದ್ದನ್ನಷ್ಟೇ ಒಪ್ಪುವ ತೀರಾ ಎಚ್ಚರದ ಲೆಕ್ಕ ಹಾಕಿದರೆ ಖಚಿತವಾಗಿ ನಿಲ್ಲುವುದು ವರದಿಯೊಂದೇ. ನಮ್ಮ ಜಿಲ್ಲೆಯವನಾಗಿ ನನಗಿದು ಹಿತವಲ್ಲ, ಆದರೂ ಪ್ರಾಮಾಣಿಕ ಉತ್ತರ ಇದೇ. ಜಗಳ ನಿಜವಾಗಿ ಎಲ್ಲಿ ಸಿಕ್ಕಿಕೊಂಡಿದೆ ಎಂದು ಇದರಿಂದ ಕಣ್ಣಿಗೆ ಕಾಣುತ್ತದೆ.

ತಪ್ಪು ಕಲ್ಪನೆ: ಚಾಟ್‌ಬಾಟ್ ಇರುವಾಗ ಇದು ಬೇಕಿಲ್ಲ.

ವಾಸ್ತವ: ಚಾಟ್‌ಬಾಟ್ ಮಾತಿನ ಹಿಂದೆ ಮಾತು ಜೋಡಿಸುತ್ತದೆ; ಅದೇ ಪ್ರಶ್ನೆಗೆ ನಾಳೆ ಬೇರೆ ಉತ್ತರ ಬರಬಹುದು. ಸಾಲ್ವರಿಗೆ ಅದೇ ಬಾಣಗಳನ್ನು ಕೊಟ್ಟರೆ ಅದೇ ಉತ್ತರ. ಹಾಳೆ, ಪೆನ್ಸಿಲ್ ಹಿಡಿದು ಯಾರು ಬೇಕಾದರೂ ತಾಳೆ ನೋಡಬಹುದು.

ತಪ್ಪು ಕಲ್ಪನೆ: ಇದಕ್ಕೆ ದೊಡ್ಡ ಸರ್ವರ್ ಬೇಕು.

ವಾಸ್ತವ: ಕ್ಲಿಂಗೋ ಎಂಬ ತರ್ಕ ತಂತ್ರಾಂಶ ವೆಬ್‌ಅಸೆಂಬ್ಲಿ ರೂಪದಲ್ಲಿ ಬ್ರೌಸರಿನೊಳಗೇ ಓಡುತ್ತದೆ. ಕಷ್ಟವಿರುವುದು ಲೆಕ್ಕದಲ್ಲಿ. 20 ವಾದಗಳಿದ್ದರೆ ಅವುಗಳಿಂದ ಮಾಡಬಹುದಾದ ಗುಂಪುಗಳು 10,48,576. 40 ಇದ್ದರೆ 1 ಲಕ್ಷ ಕೋಟಿ ದಾಟುತ್ತವೆ. ಒಂದೊಂದನ್ನೇ ಎಣಿಸುವ ಪ್ರೋಗ್ರಾಂ ಬರೆದವರು ಇಲ್ಲೇ ಸೋಲುತ್ತಾರೆ. ಎಚ್ಚರದ ಲೆಕ್ಕಕ್ಕೆ ಆ ಎಣಿಕೆ ಬೇಕಿಲ್ಲ: ಯಾರೂ ಖಂಡಿಸದ ವಾದದಿಂದ ಶುರು ಮಾಡಿ, ಅದು ಖಂಡಿಸಿದ್ದನ್ನು ಹೊಡೆದುಹಾಕುತ್ತ ಮುಂದೆ ಹೋದರಾಯಿತು.

ತಪ್ಪು ಕಲ್ಪನೆ: ಇದು ಹೊರಗಿನ ಸರಕು.

ವಾಸ್ತವ: ಪೂರ್ವಪಕ್ಷ ಹೇಳಿ, ಖಂಡಿಸಿ, ಸಿದ್ಧಾಂತಕ್ಕೆ ಬರುವುದು ನಮ್ಮ ಹಳೆಯ ಕ್ರಮ. ತಿಳಿಯಲೆಂದು ಮಾಡುವ ವಾದ, ಗೆಲ್ಲಲೆಂದು ಮಾಡುವ ಜಲ್ಪ, ತನ್ನದೇನನ್ನೂ ಮುಂದಿಡದೆ ಬರೀ ಖಂಡಿಸುವ ವಿತಂಡ ಎಂದು ನ್ಯಾಯಶಾಸ್ತ್ರ ಬೇರೆ ಮಾಡಿ ತೋರಿಸಿತು. ವಿಜಯನಗರ ಕಾಲದ ವ್ಯಾಸತೀರ್ಥರು ‘ತರ್ಕತಾಂಡವ’ ಬರೆದರು. ಬಾಗೇವಾಡಿಯ ಬಸವಣ್ಣನವರು ಕಲ್ಯಾಣದಲ್ಲಿ ನಡೆಸಿದ ಅನುಭವ ಮಂಟಪವನ್ನು ‘ಶೂನ್ಯಸಂಪಾದನೆ’ ಸಂವಾದಗಳಲ್ಲೇ ಕಟ್ಟಿಕೊಟ್ಟಿತು.

ಎಂಜಿನಿಯರಿಂಗ್ ಓದುತ್ತಿರುವ ನಮ್ಮ ಜಿಲ್ಲೆಯ ಮಕ್ಕಳಲ್ಲಿ ಒಂದು ವಿನಂತಿ. ಇಂಥದ್ದೊಂದು ಸಾಲ್ವರ್ ಕಟ್ಟಿ, ಕನ್ನಡದಲ್ಲೇ ಕಟ್ಟಿ. ಇಂಡಿಯ ಲಿಂಬೆ ಬೆಳೆಗಾರ ತನ್ನ ವಾದವನ್ನೂ ತನಗೆ ಎದುರಾದ ವಾದವನ್ನೂ ತಾನೇ ಅದರಲ್ಲಿ ಬರೆಯುವಂತಿರಲಿ.