ಜಲಪಾತದ ಆಚೆಗೂ ಗೋಕಾಕ

ಮಳೆಗಾಲದಲ್ಲಿ ಘಟಪ್ರಭೆಗೆ ಕೆಂಪು ನೀರು ಬಂತೆಂದರೆ ಗೋಕಾಕ ಫಾಲ್ಸ್‌ಗೆ ಜನ ಮುಗಿಬೀಳುತ್ತಾರೆ. ಬೆಳಗಾವಿ, ಹುಬ್ಬಳ್ಳಿಗಳಿಂದಷ್ಟೇ ಅಲ್ಲ, ಗಡಿಯಾಚೆಯ ಕೊಲ್ಹಾಪುರ, ಸಾಂಗಲಿಗಳಿಂದಲೂ ಗಾಡಿಗಳು ಬರುತ್ತವೆ. ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ನೀರನ್ನು ನೋಡಿ, ನಾಲ್ಕು ಫೋಟೊ ತೆಗೆದು, ಸುಟ್ಟ ಮೆಕ್ಕೆತೆನೆ ತಿಂದು ಹೆಚ್ಚಿನವರು ಹೊರಟುಬಿಡುತ್ತಾರೆ. ಈ ನದಿ ಕಣಿವೆಯಲ್ಲಿ ಎರಡು ದಿನ ನಿಂತು ನೋಡುವಷ್ಟು ಸಂಗತಿಗಳಿವೆ. ಅವನ್ನೆಲ್ಲ ಒಟ್ಟಿಗೆ ನೋಡಿದರೇನೇ ಗೋಕಾಕವನ್ನು ನೋಡಿದಂತೆ.

ನೋಟವನ್ನು ಹುಕ್ಕೇರಿ ತಾಲೂಕಿನಿಂದ ಶುರು ಮಾಡುವುದು ಒಳ್ಳೆಯದು. ಪಶ್ಚಿಮಘಟ್ಟದಲ್ಲಿ ಹುಟ್ಟಿ ಇಳಿದು ಬರುವ ಘಟಪ್ರಭೆಗೆ ಇಲ್ಲಿ ಹಿಡಕಲ್ ಬಳಿ ಅಣೆಕಟ್ಟು ಕಟ್ಟಿದ್ದಾರೆ. ರಾಜಾ ಲಖಮಗೌಡ ಜಲಾಶಯವೆಂಬ ಹೆಸರಿನ ಇದರ ಸಾಮರ್ಥ್ಯ ಸುಮಾರು 51 ಟಿಎಂಸಿ ಅಡಿ. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಹಿನ್ನೀರಿನಲ್ಲಿ ಮುಳುಗಿದ್ದ ಹುನ್ನೂರಿನ ವಿಠ್ಠಲ ದೇವರ ಗುಡಿ ಮೇಲೆ ಕಾಣುತ್ತದೆ. ಆಗ ಭಕ್ತರು ಒಣಗಿದ ಹಿನ್ನೀರಿನ ನೆಲದಲ್ಲಿ ನಡೆದುಕೊಂಡೇ ದರ್ಶನಕ್ಕೆ ಹೋಗುತ್ತಾರೆ. ಹುಕ್ಕೇರಿ ಊರಲ್ಲಿ ಆದಿಲ್‌ಶಾಹಿ ಕಾಲದ ಗುಮ್ಮಟಗಳಿವೆ. ವಿಜಯಪುರದ ದೊಡ್ಡ ಗುಮ್ಮಟವನ್ನಷ್ಟೇ ಬಲ್ಲವರಿಗೆ ಈ ಹಳೆಯ ಕಟ್ಟಡಗಳು ಆ ರಾಜ್ಯದ ಹರವನ್ನು ತೋರಿಸುತ್ತವೆ.

ಹಿಡಕಲ್ ದಾಟಿದ ಹೊಳೆ ಧೂಪದಾಳದಲ್ಲಿ ಮತ್ತೆ ನಿಲ್ಲುತ್ತದೆ. ಬ್ರಿಟಿಷರ ಕಾಲದ ಈ ಒಡ್ಡಿನಿಂದ ಕಾಲುವೆಗೆ ನೀರು ತಿರುಗುತ್ತದೆ. ಒಡ್ಡಿನ ಹಿಂದಿನ ನೀರು ಮತ್ತು ನಡುಗಡ್ಡೆಗಳು ಸೇರಿ 1974ರಲ್ಲಿ ಘಟಪ್ರಭಾ ಪಕ್ಷಿಧಾಮವಾಯಿತು. ಚಳಿಗಾಲದಲ್ಲಿ ದೂರದ ನಾಡುಗಳಿಂದ ವಲಸೆ ಹಕ್ಕಿಗಳು ಬಂದಿಳಿಯುತ್ತವೆ. ಫಾಲ್ಸ್ ಬೇಸಿಗೆಯಲ್ಲಿ ಬರಿ ಬಂಡೆಯಾಗಿ ಕಾಣುವುದಕ್ಕೂ ಮೇಲಿನ ಈ ಎರಡು ಕಟ್ಟೆಗಳೇ ಮುಖ್ಯ ಕಾರಣ. ನೀರು ಆಗ ಹೊಲಗಳ ಪಾಲಾಗಿರುತ್ತದೆ. ಹಾಗಾಗಿ ಧುಮುಕುವ ನೀರು ಬೇಕೆನ್ನುವವರಿಗೆ ಜುಲೈಯಿಂದ ಸೆಪ್ಟೆಂಬರ್ ಸರಿ, ಹಕ್ಕಿ ಬೇಕೆನ್ನುವವರಿಗೆ ಚಳಿಗಾಲ.

ಗೋಕಾಕ ಊರಿನಿಂದ ಫಾಲ್ಸ್ ಸುಮಾರು 6 ಕಿ.ಮೀ. ದೂರ. ಹೊಳೆ ಇಲ್ಲಿ ಮರಳುಗಲ್ಲಿನ ಗಟ್ಟಿ ಪದರದ ಮೇಲೆ ಅಗಲವಾಗಿ ಹರಡಿಕೊಂಡು, ಕುದುರೆ ಲಾಳದಂತೆ ಬಾಗಿದ ಅಂಚಿನಿಂದ ಒಮ್ಮೆಲೇ ಕಮರಿಗೆ ಬೀಳುತ್ತದೆ. ಬೀಳುವ ಜಾಗದ ಪಕ್ಕದಲ್ಲೇ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ಗುಡಿಯಿದೆ. ಎರಡು ದಡಗಳನ್ನು ಕೂಡಿಸುವ ತೂಗುಸೇತುವೆ ಸುಮಾರು 200 ಮೀಟರ್ ಉದ್ದ. ನಡೆಯುವಾಗ ಕಾಲಡಿ ಹಲಗೆ ಅಲುಗಾಡುತ್ತದೆ, ನೀರಿನ ತುಂತುರು ಮುಖಕ್ಕೆ ಬಡಿಯುತ್ತದೆ. ಎದುರಿಗೆ ಗೋಕಾಕ ಮಿಲ್. ಈ ನೂಲಿನ ಗಿರಣಿಗಾಗಿ 1887ರಲ್ಲೇ ಇಲ್ಲಿನ ಧುಮುಕುವ ನೀರಿನಿಂದ ಶಕ್ತಿ ಪಡೆಯತೊಡಗಿದರು. ತಲೆಮಾರುಗಳ ಕಾಲ ಸುತ್ತಲಿನ ಹಳ್ಳಿಗಳ ಮನೆಗಳು ಇದರ ಪಾಳಿಯ ದುಡಿಮೆಯ ಮೇಲೆ ನಡೆದವು.

ಚೆಲುವಿನ ಹೊಳೆಗೆ ಸಿಟ್ಟೂ ಉಂಟು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಓಣಿಗಳಿಗೆ ನುಗ್ಗಿತು, ಲೋಳಸೂರ ಸೇತುವೆ ಮುಳುಗಿತು. ಹಾಗಾಗಿ ಫಾಲ್ಸ್‌ನ ಪಾಚಿಗಟ್ಟಿದ ಬಂಡೆಯ ಅಂಚಿಗೆ ಹೋಗಿ ಸೆಲ್ಫಿ ತೆಗೆಯುವ ಹುಚ್ಚು ಯಾರಿಗೂ ಬೇಡ.

ಗದ್ದಲವಿಲ್ಲದ ನೀರು ನೋಡಬೇಕೆನ್ನುವವರು ಗೊಡಚಿನಮಲ್ಕಿಗೆ ಹೋಗಬೇಕು. ಘಟಪ್ರಭೆಯ ಉಪನದಿ ಮಾರ್ಕಂಡೇಯ ಅಲ್ಲಿ ಗುಡ್ಡ, ಕುರುಚಲು ಕಾಡುಗಳ ನಡುವೆ ಎರಡು ಹಂತಗಳಲ್ಲಿ ಇಳಿಯುತ್ತದೆ. ಅಂಗಡಿ ಸಾಲು ಕಡಿಮೆ, ಹಾಗಾಗಿ ಬುತ್ತಿ ಕಟ್ಟಿಕೊಂಡು ಹೋಗುವುದು ಜಾಣತನ. ತಂದ ಪ್ಲಾಸ್ಟಿಕ್ ವಾಪಸು ಒಯ್ಯುವುದು ಕರ್ತವ್ಯ.

ಇತಿಹಾಸದ ಆಸಕ್ತಿಯುಳ್ಳವರಿಗೆ ಫಾಲ್ಸ್ ಹತ್ತಿರದ ಕೊಣ್ಣೂರಿದೆ. ಸವದತ್ತಿಯ ರಟ್ಟ ಅರಸರ ಕಾಲದ, 1087ರ ಜೈನ ಶಾಸನ ದೊರೆತ ಊರು ಇದು. ಸುತ್ತಲಲ್ಲಿ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ, ಶಾಸನಗಳಿಗಿಂತ ಎಷ್ಟೋ ಹಳೆಯ ಗೋರಿಗಳೂ ಇವೆ. ಇಂದು ಮೂಡಲಗಿ ತಾಲೂಕಿಗೆ ಸೇರಿರುವ ಕಲ್ಲೋಳಿಯಲ್ಲಿ ಅದೇ ರಟ್ಟರ 1204ರ ಶಾಸನ ಸಿಕ್ಕಿದೆ. ಮೂಡಲಗಿ ಊರಲ್ಲಿ ಶಿವಬೋಧರಂಗ ಮಠವಿದೆ. ಹಲವು ಪರಂಪರೆಗಳು ಒಂದೇ ಹೊಳೆಯ ಆಸುಪಾಸಿನಲ್ಲಿ ಬೆಳೆದಿವೆ.

ಕಾಡು, ನೀರು, ಕಸುಬುಗಳನ್ನು ಒಟ್ಟಿಗೆ ನೋಡುವ ಬಗೆಗೆ ದೂರದ ಒಂದು ಉದಾಹರಣೆಯಿದೆ. ಪೆಸಿಫಿಕ್ ಸಾಗರದ ಸಮೋವಾ ದೇಶದ ಉಪೋಲು ದ್ವೀಪದಲ್ಲಿ ಫಗಲೋವಾ ಎಂಬ ಕೊಲ್ಲಿ. ಕಡಲಂಚಿನವರೆಗೂ ಮಳೆಕಾಡು. ಅಲ್ಲಿನ ಉವಾಫಾಟೊ ಹಳ್ಳಿಯವರು ಇಫಿಲೆಲೆ ಮರದಲ್ಲಿ ಬೋಗುಣಿ ಕೆತ್ತುವುದರಲ್ಲಿ ಹೆಸರಾದವರು. ಸಮೋವಾ ಸರಕಾರ 2006ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಹೆಸರು ಕೊಡುವಾಗ ಕೊಲ್ಲಿ, ಕಾಡು, ಹಳ್ಳಿಗಳನ್ನು ಒಂದೇ ವಲಯವಾಗಿ ಸೇರಿಸಿತು.

ಗೋಕಾಕದಲ್ಲೂ ಅಂಥದೇ ಮರದ ಕಸುಬು ಇನ್ನೂ ಉಸಿರಾಡುತ್ತಿದೆ. ಚಿತ್ರಗಾರ ಮನೆತನದವರು ಹಗುರ ಮರವನ್ನು ಕೆತ್ತಿ, ನುಣುಪು ಮಾಡಿ, ಬಿಳಿ ಲೇಪ ಹಚ್ಚಿ ಒಣಗಿಸಿ, ಆಮೇಲೆ ಬಣ್ಣ ತುಂಬುತ್ತಾರೆ. ಇಲ್ಲಿನ ಬಾಳೆ, ಮಾವು, ಬದನೆಕಾಯಿಗಳನ್ನು ಕೈಗೆತ್ತಿಕೊಂಡ ಮೇಲೆಯೇ ಅವು ಆಟಿಕೆಯೆಂದು ಗೊತ್ತಾಗುವುದು. ತೊಟ್ಟಿನ ಹತ್ತಿರದ ತೆಳು ಹಸಿರನ್ನು, ಹಣ್ಣಿನ ಮೇಲಿನ ಕಪ್ಪು ಚುಕ್ಕೆಯನ್ನು ಕೂಡ ಕುಂಚ ಬಿಡುವುದಿಲ್ಲ. ಅಗ್ಗದ ಪ್ಲಾಸ್ಟಿಕ್ ಗೊಂಬೆಗಳ ಎದುರು ಇಷ್ಟು ಕೈಕೆಲಸಕ್ಕೆ ತಕ್ಕ ಬೆಲೆ ಸಿಗುವುದು ಕಷ್ಟ. ಜಲಪಾತಕ್ಕೆ ಬರುವ ಜನರ ಒಂದು ಪಾಲಾದರೂ ಊರೊಳಗೆ ಬಂದು, ಕಲಾವಿದರಿಂದಲೇ ನೇರವಾಗಿ ಕೊಂಡರೆ ಈ ವಿದ್ಯೆ ಮುಂದಿನವರ ಕೈಗೆ ದಾಟೀತು.

ಅದೇ ಪೇಟೆಯಲ್ಲಿ ಕರದಂಟೂ ಇದೆ. ತುಪ್ಪದಲ್ಲಿ ಅರಳಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿಗಳನ್ನು ಬೆಲ್ಲದ ಪಾಕದಲ್ಲಿ ಕಲಸಿ ತಟ್ಟುತ್ತಾರೆ. ಬಾಣಂತಿಯರ ಖಾದ್ಯವಾಗಿಯೂ ಮನೆಗಳಲ್ಲಿ ಇದಕ್ಕೆ ಮಾನವಿದೆ. ರೈಲಿನಲ್ಲಿ ಬರುವವರು ಮಿರಜ್–ಲೋಂಡಾ ಮಾರ್ಗದ ಗೋಕಾಕ ರೋಡ್ ಅಥವಾ ಘಟಪ್ರಭಾ ನಿಲ್ದಾಣದಲ್ಲಿ ಇಳಿಯಬಹುದು. ಮೊದಲ ದಿನ ಹುಕ್ಕೇರಿ, ಹಿಡಕಲ್, ಧೂಪದಾಳ. ಎರಡನೆಯ ದಿನ ಫಾಲ್ಸ್, ಕೊಣ್ಣೂರು, ಗೊಡಚಿನಮಲ್ಕಿ. ಸಂಜೆ ಗೋಕಾಕ ಪೇಟೆ ಎಂದಿಟ್ಟುಕೊಂಡರೆ ಅವಸರವಿಲ್ಲದೆ ಎಲ್ಲವೂ ಆಗುತ್ತದೆ.