ರೊಟ್ಟಿ ಬಡಿಯೋರು ಅವರು, ಲೈಸೆನ್ಸ್ ಯಾರ ಹೆಸರಲ್ಲಿ?

ಎಂ.ಕೆ. ಹುಬ್ಬಳ್ಳಿ: ಮಲಪ್ರಭೆ ದಂಡೆಯ ಈ ಊರು ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಸ್ಥಳ. ನೂಲುವ ಕದಿರೆ ರೆಮ್ಮವ್ವೆ, ಭತ್ತ ಕುಟ್ಟುವ ಕೊಟ್ಟಣದ ಸೋಮಮ್ಮ ಹೀಗೆ 12ನೇ ಶತಮಾನದ ಶರಣೆಯರಿಗೆ ಕಾಯಕವೇ ಹೆಸರು. ಆದರೆ ಇವತ್ತು ಹೆಣ್ಮಕ್ಕಳು ಸ್ವಂತ ವ್ಯಾಪಾರ ಹಾಕ್ತೀನಿ ಅಂದ್ರೆ ಮನೆಯಲ್ಲಿ ಮೊದಲು ಬರೋ ಮಾತು "ಮಂದಿ ಏನಂತಾರ?"

ದುಡಿಮೆಗೆ ಯಾರೂ ಬೇಡ ಅನ್ನಲ್ಲ. ಕಳೆ ತೆಗೆಯೋದು, ಎಮ್ಮೆ ಹಿಂಡೋದು, ಖಾನಾವಳಿಗೆ ರೊಟ್ಟಿ ಕೊಡೋದು ಎಲ್ಲದಕ್ಕೂ ಅವರೇ ಬೇಕು. ಅಡ್ಡಿ ಇರೋದು ಬೇರೆ ಕಡೆ.

ಉತಾರದಲ್ಲಿ ಹೆಸರಿಲ್ಲ

ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು. 2005ರಲ್ಲಿ ಅದು ದೇಶಕ್ಕೆಲ್ಲ ಬಂತು. ಆದರೂ "ತವರು ಮುರೀಬಾರದು" ಅಂತ ಅನೇಕರು ಹಕ್ಕು ಬಿಟ್ಟು ಸಹಿ ಹಾಕ್ತಾರೆ. ಮುಂದೆ ದೊಡ್ಡ ಸಾಲಕ್ಕೆ ಅಡಮಾನ ಕೇಳಿದಾಗ ತೋರಿಸಲು ಏನೂ ಇರಲ್ಲ.

ಮನೆ ಬಿಟ್ಟು ಹೋಗೋದು ಕಷ್ಟ

ರೊಟ್ಟಿ, ಶೇಂಗಾ ಚಟ್ನಿ, ಬ್ಲೌಸ್ ಹೊಲಿಗೆ ಬಿಟ್ಟು ಬೇರೆ ಬರಲ್ಲ ಅಂತಲ್ಲ. ಅಡುಗೆ, ಮಕ್ಕಳು, ಅತ್ತೆ-ಮಾವನ ನಡುವೆ ಮನೆಯಲ್ಲೇ ಕೂತು ಮಾಡಬಹುದಾದ್ದು ಅವೇ. ಒಂದೇ ಓಣಿಯಲ್ಲಿ ನಾಲ್ಕು ಹೊಲಿಗೆ ಮಷಿನ್ ಆದ್ರೆ ಕೂಲಿ ಏರಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಬೆಳಗಾವಿ, ಧಾರವಾಡ ಮಾರ್ಕೆಟ್‌ಗೆ ಬಸ್ ಚಾರ್ಜ್ ಉಳಿಯಿತು. ಆದರೆ ಸಂಜೆಯೊಳಗೆ ವಾಪಸ್ ಬರಬೇಕು ಅನ್ನೋ ಕಟ್ಟು ಹಾಗೇ ಇದೆ.

ಸಾಲ ಇವರದು, ಖರ್ಚು ಮನೆಯದು

ಸ್ತ್ರೀಶಕ್ತಿಯಂಥ ಸ್ವಸಹಾಯ ಸಂಘಗಳಲ್ಲಿ ಗುಂಪೇ ಜಾಮೀನು. ಆದರೆ ಆ ದುಡ್ಡು ಮದುವೆಗೋ ಆಸ್ಪತ್ರೆಗೋ ಹೋದರೆ ವ್ಯಾಪಾರ ಬೆಳೆಯಲ್ಲ, ಕಂತು ಮಾತ್ರ ಉಳಿಯುತ್ತೆ. ಲೈಸೆನ್ಸ್, ಅಂಗಡಿ ಕರಾರು ಗಂಡನ ಹೆಸರಲ್ಲಿದ್ದರೆ ಹತ್ತು ವರ್ಷ ದುಡಿದರೂ ಬ್ಯಾಂಕಿನ ಲೆಕ್ಕದಲ್ಲಿ ಆಕೆ ಉದ್ಯಮಿ ಅಲ್ಲ.

ಏನು ಮಾಡಬಹುದು?

ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ ಉಚಿತ, ಆಧಾರ್ ಬೇಕು. ಅದನ್ನು ಹೆಣ್ಮಕ್ಕಳ ಹೆಸರಲ್ಲೇ ಮಾಡಿಸಬೇಕು. 2015ರಲ್ಲಿ ಶುರುವಾದ ಮುದ್ರಾ ಸಾಲಕ್ಕೆ ಅಡಮಾನ ಬೇಡ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯಲ್ಲಿ 3 ಲಕ್ಷ ರೂಪಾಯಿವರೆಗೆ ಸಾಲ, ಜೊತೆಗೆ ಸಬ್ಸಿಡಿ ಇದೆ. ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ವಿಚಾರಿಸಬಹುದು.

ಅಂಗಡಿಕಾರರಿಗೂ ಇದರಲ್ಲಿ ಪಾಲಿದೆ. ರೊಟ್ಟಿ, ಚಟ್ನಿ ತಗೊಂಡಾಗ ದುಡ್ಡನ್ನು ಮಾಡಿದವರ ಖಾತೆಗೇ ಹಾಕಿ, ಬಿಲ್ ಅವರ ಹೆಸರಲ್ಲೇ ಬರೀರಿ. ನಾಳೆ ಸಾಲ ಕೇಳೋಕೆ ಹೋದಾಗ ತೋರಿಸೋಕೆ ಆ ಲೆಕ್ಕವಾದರೂ ಇರುತ್ತೆ.