ಹಳೆಯ ಫೈಲು, ಹೊಸ ಎಕ್ಸೆಲ್: ಚಾರ್ಟ್ ಕೆಡುವುದು ಎಲ್ಲಿ?

ಮಾರ್ಚ್ 31ಕ್ಕೆ ಆರ್ಥಿಕ ವರ್ಷ ಮುಗಿದ ಮೇಲೆ ಪಶ್ಚಿಮ ಬೆಂಗಳೂರಿನ ಪತ್ತಿನ ಸಹಕಾರ ಸಂಘಗಳು, ಗೃಹ ನಿರ್ಮಾಣ ಸಂಘಗಳು, ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಗಳು ವಾರ್ಷಿಕ ವರದಿಯ ಸಿದ್ಧತೆಗೆ ತೊಡಗುತ್ತವೆ. ಷೇರು ಬಂಡವಾಳ, ಠೇವಣಿ, ಸಾಲದ ಬಾಕಿ, ನಿವ್ವಳ ಲಾಭ ಇವು ಸದಸ್ಯರ ಕಣ್ಣಿಗೆ ಒಂದೇ ನೋಟಕ್ಕೆ ಬೀಳಲಿ ಎಂದು ಕೋಷ್ಟಕದ ಪಕ್ಕದಲ್ಲಿ ಚಾರ್ಟ್ ಹಾಕುವುದು ಈಗ ರೂಢಿಯಾಗಿದೆ. ಅಂಥ ಒಂದು ಫೈಲು ಬಸವೇಶ್ವರನಗರದ ಸಂಘದ ಕಚೇರಿಯಲ್ಲಿ ಹುಟ್ಟಿ, ರಾಜಾಜಿನಗರದ ಲೆಕ್ಕಪರಿಶೋಧಕರ ಕೈ ದಾಟಿ, ವಿಜಯನಗರದ ಡಿಟಿಪಿ ಅಂಗಡಿಗೆ ಬರುವುದಾದರೆ, ಅದು ಮೂರು ಕಂಪ್ಯೂಟರುಗಳಲ್ಲಿ ಮೂರು ಬೇರೆ ಬೇರೆ ಆವೃತ್ತಿಯ ತಂತ್ರಾಂಶಗಳ ಮುಂದೆ ತೆರೆದುಕೊಳ್ಳುತ್ತದೆ. ಚಾರ್ಟ್ ಇದ್ದ ಜಾಗ ಖಾಲಿ ಕಾಣುವುದು, ಕಂಬಗಳು ನೆಲಕ್ಕೆ ಅಂಟಿಕೊಳ್ಳುವುದು, ಕನ್ನಡದ ಹೆಸರುಗಳು ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗುವುದು ಈ ದಾರಿಯಲ್ಲೇ.

ಇಂಥ ತೊಡಕು ಎದುರಾದಾಗ ಚಾರ್ಟನ್ನು ಅಳಿಸಿ ಹೊಸದಾಗಿ ಬರೆಯುವುದು ಹೆಚ್ಚಿನವರು ಹಿಡಿಯುವ ಹಾದಿ. ಆದರೆ ಕಾರಣ ಕೆಳಗಿರುವ ಅಂಕಿಗಳಲ್ಲೋ ಫೈಲಿನ ಸ್ವರೂಪದಲ್ಲೋ ಉಳಿದುಕೊಂಡಿದ್ದರೆ ಹೊಸ ಚಾರ್ಟ್ ಕೂಡ ಹಾಗೆಯೇ ಕೆಡುತ್ತದೆ. ಎಕ್ಸೆಲ್‌ನ ಚಾರ್ಟ್ ಮೂಲತಃ ಚಿತ್ರವಲ್ಲ. ಇಂಥ ಹಾಳೆಯ ಇಂಥ ಚೌಕದಿಂದ ಇಂಥ ಚೌಕದವರೆಗಿನ ಹೆಸರುಗಳನ್ನು ಅಡ್ಡಗೆರೆಯ ಕೆಳಗೆ ಬರೆ, ಪಕ್ಕದ ಸಾಲಿನ ಸಂಖ್ಯೆಗಳಷ್ಟು ಎತ್ತರದ ಕಂಬ ಎಳೆ ಎಂಬ ಆದೇಶಗಳ ಕಟ್ಟು ಅದು. ಆದೇಶ ಸೂಚಿಸುವ ಚೌಕಗಳಲ್ಲಿ ಏನಿದೆಯೋ ಅದೇ ಚಾರ್ಟಿನಲ್ಲಿ ಮೂಡುತ್ತದೆ. ಸಾಲುಗಳನ್ನು ಅಡಗಿಸಿಟ್ಟರೆ ಅವು ಚಾರ್ಟಿನಿಂದಲೂ ಮರೆಯಾಗುತ್ತವೆ. ಅಂಕಿಗಳು ಇನ್ನೊಂದು ಫೈಲಿನಲ್ಲಿದ್ದು, ಪೆನ್‌ಡ್ರೈವಿನಲ್ಲಿ ಚಾರ್ಟ್ ಇರುವ ಫೈಲನ್ನು ಮಾತ್ರ ಒಯ್ದಿದ್ದರೆ ಕೊಂಡಿ ಕಡಿದುಹೋಗುತ್ತದೆ.

ಕೊಂಡಿ ಕಡಿದರೂ ಅಂಕಿ ಹೋಗಲೇಬೇಕೆಂದಿಲ್ಲ ಎಂಬುದು ಹಲವರಿಗೆ ತಿಳಿಯದ ಸಂಗತಿ. 2003ರವರೆಗಿನ ಎಕ್ಸೆಲ್ ಫೈಲುಗಳ ಬಾಲದಲ್ಲಿ ಎಕ್ಸ್‌ಎಲ್‌ಎಸ್ ಎಂಬ ಮೂರು ಅಕ್ಷರಗಳಿರುತ್ತಿದ್ದವು, 2007ರ ಆವೃತ್ತಿಯಿಂದ ಅದು ಎಕ್ಸ್‌ಎಲ್‌ಎಸ್‌ಎಕ್ಸ್ ಆಯಿತು. ಬದಲಾದದ್ದು ಒಂದು ಅಕ್ಷರ ಮಾತ್ರವಲ್ಲ, ಒಳಗಿನ ರಚನೆಯೇ ಬದಲಾಯಿತು. ಹೊಸ ಫೈಲು ನಿಜವಾಗಿ ಒಂದು ಜಿಪ್ ಗಂಟು. ಅದರ ಪ್ರತಿ ಮಾಡಿ, ಬಾಲದ ಹೆಸರನ್ನು ಜಿಪ್ ಎಂದು ಬದಲಿಸಿ ಬಿಚ್ಚಿದರೆ ಹಾಳೆಗಳಿಗೆ ಒಂದು ಫೋಲ್ಡರು, ಚಾರ್ಟುಗಳಿಗೆ ಇನ್ನೊಂದು ಫೋಲ್ಡರು ಕಾಣಸಿಗುತ್ತದೆ. ಪ್ರತಿ ಚಾರ್ಟಿನ ಕಡತದಲ್ಲಿ ಅದು ಕೊನೆಯ ಬಾರಿ ಓದಿಕೊಂಡ ಹೆಸರುಗಳೂ ಸಂಖ್ಯೆಗಳೂ ನೆನಪಿನ ಪ್ರತಿಯಾಗಿ ಉಳಿದಿರುವುದರಿಂದ, ಮೂಲ ಫೈಲು ಕಳೆದುಹೋದರೂ ನೋಟ್‌ಪ್ಯಾಡಿನಲ್ಲಿ ಆ ಕಡತವನ್ನು ತೆರೆದು ಅಂಕಿಗಳನ್ನು ಎತ್ತಿಕೊಳ್ಳುವುದು ಸಾಧ್ಯ.

ಹಳೆಯ ಸ್ವರೂಪದ ಒಂದು ಹಾಳೆಯಲ್ಲಿ 65,536 ಅಡ್ಡಸಾಲು, 256 ಕಂಬಸಾಲುಗಳಷ್ಟೇ ಹಿಡಿಯುತ್ತಿದ್ದವು. ಹೊಸದರಲ್ಲಿ 10,48,576 ಅಡ್ಡಸಾಲು, 16,384 ಕಂಬಸಾಲುಗಳಿಗೆ ಜಾಗವಿದೆ. ಈ ವ್ಯತ್ಯಾಸ ಎಷ್ಟು ದುಬಾರಿಯಾಗಬಲ್ಲದು ಎಂಬುದನ್ನು 2020ರಲ್ಲಿ ಇಂಗ್ಲೆಂಡ್ ಕಂಡಿತು. ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯು ಪ್ರಯೋಗಾಲಯಗಳಿಂದ ಬಂದ ಕೋವಿಡ್ ಫಲಿತಾಂಶಗಳನ್ನು ಹಳೆಯ ಎಕ್ಸ್‌ಎಲ್‌ಎಸ್ ಸ್ವರೂಪಕ್ಕೆ ತುಂಬಿಸುತ್ತಿದ್ದಾಗ ಸಾಲುಗಳ ಮಿತಿ ಮುಗಿದು, ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವಿನ 15,841 ಪ್ರಕರಣಗಳು ದೈನಂದಿನ ಲೆಕ್ಕದಿಂದ ಬಿಟ್ಟುಹೋದವು. ಆ ದಿನಗಳ ಚಾರ್ಟಿನ ಗೆರೆ ನೋಡಿದವರಿಗೆ ಅದರಲ್ಲಿ ಏನೋ ಕಡಿಮೆಯಿದೆ ಎಂಬ ಸುಳಿವು ಸಿಕ್ಕಿರಲಾರದು, ಏಕೆಂದರೆ ಚಾರ್ಟ್ ತನಗೆ ಕೊಟ್ಟದ್ದನ್ನು ಸರಿಯಾಗಿಯೇ ಬಿಡಿಸಿತ್ತು.

ಸ್ವರೂಪ ಒಂದೇ ಆದರೂ ಆವೃತ್ತಿ ಬೇರೆಯಾದಾಗ ಹುಟ್ಟುವ ತೊಡಕು ಮತ್ತೊಂದು ಬಗೆಯದು. ಎಕ್ಸೆಲ್ 2016ರಲ್ಲಿ ಜಲಪಾತ ಮಾದರಿಯ ವಾಟರ್‌ಫಾಲ್, ಟ್ರೀಮ್ಯಾಪ್, ಸನ್‌ಬರ್ಸ್ಟ್, ಹಿಸ್ಟೋಗ್ರಾಮ್ ಮುಂತಾದ ಹೊಸ ಬಗೆಯ ಚಾರ್ಟುಗಳು ಬಂದವು; ಅದಕ್ಕೂ ಹಿಂದಿನ ಆವೃತ್ತಿಗಳು ಇವುಗಳನ್ನು ಬಿಡಿಸಲಾರವು. ಅಲ್ಲಿ ಚಾರ್ಟಿನ ಜಾಗದಲ್ಲಿ ಒಂದು ಚೌಕಟ್ಟು ಮಾತ್ರ ಕಾಣುತ್ತದೆ. ಅದರೊಳಗೆ ಈ ಚಾರ್ಟ್ ಈ ಆವೃತ್ತಿಯಲ್ಲಿ ಲಭ್ಯವಿಲ್ಲವೆಂದೂ, ಅದನ್ನು ತಿದ್ದಿದರೆ ಇಲ್ಲವೇ ಫೈಲನ್ನು ಬೇರೆ ಸ್ವರೂಪಕ್ಕೆ ಉಳಿಸಿದರೆ ಚಾರ್ಟ್ ಶಾಶ್ವತವಾಗಿ ಮುರಿಯುವುದೆಂದೂ ಬರೆದಿರುತ್ತದೆ. ಈ ಎಚ್ಚರಿಕೆಯನ್ನು ಅಕ್ಷರಶಃ ನಂಬಬೇಕು. ಚೌಕಟ್ಟನ್ನು ಮುಟ್ಟದೆ ಫೈಲನ್ನು ಮುಚ್ಚಿ, ಹೊಸ ಆವೃತ್ತಿಯಿರುವ ಕಂಪ್ಯೂಟರಿನಲ್ಲಿ ತೆರೆದರೆ ಚಾರ್ಟ್ ಹಾಗೆಯೇ ಇರುತ್ತದೆ. ಹಲವು ಕೈ ದಾಟಬೇಕಾದ ವರದಿಗೆ ಹಳೆಯ ಕಂಬದ ಚಾರ್ಟ್, ಗೆರೆಯ ಚಾರ್ಟುಗಳೇ ಮೇಲು. ಸದಸ್ಯರಿಗೆ ಅರ್ಥವಾಗುವುದೂ ಅವೇ.

ಇಷ್ಟು ತೊಡಕುಗಳು ಜಗತ್ತಿನ ಯಾವ ಊರಿನಲ್ಲಾದರೂ ಬರಬಹುದಾದವು. ಕನ್ನಡದಲ್ಲಿ ಲೆಕ್ಕ ಬರೆಯುವ ಕಚೇರಿಗಳಿಗೆ ಮಾತ್ರ ಎದುರಾಗುವ, ಅವುಗಳಿಗಿಂತ ಆಳವಾದ ತೊಡಕು ಅಕ್ಷರದ್ದು. ಕಂಪ್ಯೂಟರಿನಲ್ಲಿ ಕನ್ನಡ ಇನ್ನೂ ನೇರವಾಗಿ ಮೂಡದಿದ್ದ ಕಾಲದಲ್ಲಿ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದ ಆಧಾರದ ಮೇಲೆ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶವೂ, 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಹೊರತಂದ ಬರಹ ತಂತ್ರಾಂಶವೂ ನಾಡಿನ ಕಚೇರಿಗಳಿಗೆ ಕನ್ನಡವನ್ನು ತಂದುಕೊಟ್ಟವು. ಆ ಉಪಕಾರ ದೊಡ್ಡದು. ಆಗ ಅನುಸರಿಸಿದ ಉಪಾಯವೆಂದರೆ ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡ ಅಕ್ಷರದ ತುಣುಕುಗಳ ರೂಪವನ್ನು ಕೂರಿಸಿದ ಫಾಂಟು. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂಬ ಪದವನ್ನು ಬರೆದಾಗ ಕಂಪ್ಯೂಟರ್ ನಿಜವಾಗಿ ಉಳಿಸಿಕೊಳ್ಳುವುದು ಏಳು ರೋಮನ್ ಸಂಕೇತಗಳನ್ನು: ದೊಡ್ಡ ‘ಪಿ’, ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ‘ಎ’, ಜರ್ಮನ್ ಭಾಷೆಯ ಜೋಡಿ ‘ಎಸ್’, ಸಣ್ಣ ‘ಕ್ಯೂ’, ಕೊನೆಗೆ ಇನ್ನೊಮ್ಮೆ ಓರೆಗೆರೆಯ ‘ಎ’. ಮೂರು ಸಲ ಬಂದ ಆ ‘ಎ’ಯೇ ತಲೆಕಟ್ಟು, ಜರ್ಮನ್ ಅಕ್ಷರವೇ ನಕಾರದ ಒತ್ತು. ಫಾಂಟು ಜೊತೆಗಿರುವ ತನಕ ಅದು ಕನ್ನಡ. ಫಾಂಟು ಜಾರಿದೊಡನೆ ಅದು ಏಳು ಅಪರಿಚಿತ ಗುರುತುಗಳ ಸಾಲು.

ಚಾರ್ಟಿನಲ್ಲಿ ಫಾಂಟು ಜಾರುವುದು ಖಚಿತ. ಚೌಕಕ್ಕೆ ನುಡಿ ಫಾಂಟನ್ನು ಹಚ್ಚಿದ್ದರೂ ಚಾರ್ಟ್ ಅಲ್ಲಿಂದ ಪಡೆಯುವುದು ಸಂಕೇತಗಳನ್ನಷ್ಟೇ. ತನ್ನ ಅಕ್ಷರಗಳಿಗೆ ಅದು ಫೈಲಿನ ಮೂಲ ಫಾಂಟನ್ನು, ಅಂದರೆ 2007ರಿಂದ ಕ್ಯಾಲಿಬ್ರಿಯನ್ನು, ಇತ್ತೀಚಿನ ಆವೃತ್ತಿಗಳಲ್ಲಿ ಆಪ್ಟೋಸ್ ಎಂಬುದನ್ನು ಬಳಸುತ್ತದೆ. ಕೋಷ್ಟಕದಲ್ಲಿ ‘ಠೇವಣಿ’, ‘ಸಾಲ’ ಎಂದು ಚೊಕ್ಕವಾಗಿ ಓದಿಸಿಕೊಳ್ಳುವ ಪದಗಳು ಪಕ್ಕದ ಚಾರ್ಟಿನಲ್ಲಿ ಹುರುಳಿಲ್ಲದ ಗುರುತುಗಳಾಗಿ ಕಾಣಲು ಇದೇ ಕಾರಣ. ಚಾರ್ಟನ್ನು ಆರಿಸಿ ಅದಕ್ಕೂ ನುಡಿ ಫಾಂಟನ್ನು ಹಚ್ಚಿದರೆ ತತ್ಕಾಲಕ್ಕೆ ಸರಿಹೋಗುತ್ತದೆ, ಆದರೆ ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಮತ್ತೆ ಅದೇ ಪಾಡು. ಇದಕ್ಕಿಂತ ಗಂಭೀರವಾದ ನಷ್ಟವೆಂದರೆ, ಅಕಾರಾದಿಯಾಗಿ ಜೋಡಿಸು ಎಂದಾಗ ತಂತ್ರಾಂಶ ರೋಮನ್ ಸಂಕೇತಗಳ ಕ್ರಮವನ್ನು ಅನುಸರಿಸುವುದರಿಂದ ಸದಸ್ಯರ ಪಟ್ಟಿ ಕನ್ನಡದ ವರ್ಣಮಾಲೆಗೆ ಹೊಂದುವುದಿಲ್ಲ. ಒಂದು ಹಾಳೆಯಲ್ಲಿ ನುಡಿ, ಇನ್ನೊಂದರಲ್ಲಿ ಯೂನಿಕೋಡ್ ಇದ್ದರೆ ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಹೆಸರುಗಳು ತಂತ್ರಾಂಶಕ್ಕೆ ಬೇರೆ ಬೇರೆಯಾಗಿ, ವಿ-ಲುಕಪ್ ಸೂತ್ರ ಸೋತು, ಆ ಸದಸ್ಯರ ಮೊತ್ತ ಚಾರ್ಟಿನಿಂದ ಬಿಟ್ಟುಹೋಗುತ್ತದೆ.

ಯೂನಿಕೋಡ್ ಎಂದರೆ ಜಗತ್ತಿನ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಪ್ರತ್ಯೇಕ ಸಂಖ್ಯೆ ಗೊತ್ತುಮಾಡಿದ ಏರ್ಪಾಡು; 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳು ದೊರೆತವು, 2001ರ ವಿಂಡೋಸ್ ಎಕ್ಸ್‌ಪಿಯ ಜೊತೆಗೆ ತುಂಗಾ ಫಾಂಟು ಬಂದಿತು. ಇಲ್ಲಿ ‘ಕನ್ನಡ’ ಎಂದರೆ ಕ, ನ, ಅರ್ಧಾಕ್ಷರದ ಗುರುತು, ಮತ್ತೊಂದು ನ, ಡ ಎಂಬ ಐದು ಸಂಖ್ಯೆಗಳು. ಯಾವ ಫಾಂಟು ಹಚ್ಚಿದರೂ ಅವು ಕನ್ನಡವಾಗಿಯೇ ಉಳಿಯುತ್ತವೆ, ಕ್ಯಾಲಿಬ್ರಿಯಲ್ಲಿ ಕನ್ನಡ ಅಕ್ಷರವಿಲ್ಲದಿದ್ದರೆ ಕಂಪ್ಯೂಟರ್ ತಾನೇ ಬೇರೊಂದು ಕನ್ನಡ ಫಾಂಟಿನಿಂದ ರೂಪವನ್ನು ತಂದುಕೊಳ್ಳುತ್ತದೆ. ಹೀಗಿದ್ದೂ ಹಳೆಯ ಸಂಕೇತ ಉಳಿದುಕೊಂಡಿರುವುದಕ್ಕೆ ಅಚ್ಚಿನ ಕೆಲಸವೂ ಒಂದು ಕಾರಣ: 2001ರ ಏಳನೆಯ ಆವೃತ್ತಿಗೇ ನಿಂತುಹೋದ ಪೇಜ್‌ಮೇಕರ್ ಯೂನಿಕೋಡ್ ಕನ್ನಡವನ್ನು ಅರಿಯದು, ಅದರಲ್ಲೇ ಪುಟ ಕಟ್ಟುವ ಅಂಗಡಿಗಳು ನುಡಿಯಲ್ಲಿ ಕೊಡಿ ಎಂದು ಕೇಳುತ್ತವೆ. ಅಚ್ಚಿನವರಿಗಾಗಿ ಒಂದು ಪ್ರತಿಯನ್ನು ನುಡಿಗೆ ಪರಿವರ್ತಿಸಿ ಕೊಡುವುದು ತಪ್ಪಲ್ಲ. ಸಂಘದ ಮೂಲ ಲೆಕ್ಕವನ್ನೇ ಆ ಸಂಕೇತದಲ್ಲಿ ಇಟ್ಟುಕೊಳ್ಳುವುದು ತಪ್ಪು.

ಪರಿವರ್ತನೆಯ ಸಲಕರಣೆಗಳು ನುಡಿ, ಬರಹ ಎರಡರಲ್ಲೂ ಇವೆ. ಫೈಲಿನ ಪ್ರತಿ ಮಾಡಿಕೊಂಡು, ಹೆಸರಿನ ಸಾಲುಗಳನ್ನು ಮಾತ್ರ ಪರಿವರ್ತಿಸಬೇಕು; ಅದೇ ಸಾಲಿನಲ್ಲಿ ಇಂಗ್ಲಿಷಿನಲ್ಲಿ ಬರೆದ ಪದಗಳಿದ್ದರೆ ಅವೂ ಕನ್ನಡದ ತುಣುಕುಗಳೆಂದು ಭಾವಿಸಲ್ಪಟ್ಟು ಕೆಡುವುದರಿಂದ ಮೊದಲೇ ಬೇರ್ಪಡಿಸಬೇಕು; ಒತ್ತಕ್ಷರ, ಅರ್ಕಾವೊತ್ತುಗಳಿರುವ ಹೆಸರುಗಳನ್ನು ಕಣ್ಣಿಟ್ಟು ಓದಬೇಕು. ಚೌಕಗಳನ್ನು ಪರಿವರ್ತಿಸಿದೊಡನೆ ಚಾರ್ಟಿನ ಹೆಸರುಗಳು ತಾವಾಗಿಯೇ ಸರಿಯಾಗುತ್ತವೆ, ಆದರೆ ಚಾರ್ಟಿನ ತಲೆಬರಹವನ್ನು ನೇರವಾಗಿ ಅಲ್ಲೇ ಟೈಪ್ ಮಾಡಿದ್ದರೆ ಅದು ಚಾರ್ಟಿನೊಳಗೇ ಉಳಿದಿರುವುದರಿಂದ ಅದನ್ನು ಕೈಯಾರೆ ಮತ್ತೆ ಬರೆಯಬೇಕಾಗುತ್ತದೆ.

ಯೂನಿಕೋಡ್ ಆದಮೇಲೂ ಒಂದು ಕಡೆ ಎಡವುವುದುಂಟು. ಅಲ್ಪವಿರಾಮಗಳಿಂದ ಬೇರ್ಪಡಿಸಿದ ಬರಿಯ ಪಠ್ಯವಾಗಿ, ಸಿಎಸ್‌ವಿ ಎಂಬ ಸ್ವರೂಪದಲ್ಲಿ, ಪಟ್ಟಿಗಳು ಕೈ ಬದಲಿಸುತ್ತವೆ. ಅದರಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟ್‌ಗಳು ಬೇಕಾಗಿ, ‘ಕನ್ನಡ’ ಎಂಬ ಪದ ಹದಿನೈದು ಬೈಟ್‌ಗಳಷ್ಟಾಗುತ್ತದೆ. ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ತೆರೆದಾಗ ಎಕ್ಸೆಲ್ ಒಂದೊಂದು ಬೈಟನ್ನೂ ಒಂದೊಂದು ರೋಮನ್ ಅಕ್ಷರವೆಂದು ಓದಿಬಿಡುವುದುಂಟು. ಹಾಗಾದಾಗ ಫೈಲನ್ನು ಉಳಿಸದೆ ಮುಚ್ಚಿ, ಎಕ್ಸೆಲ್‌ನ ಡೇಟಾ ವಿಭಾಗದಿಂದ ಅದನ್ನು ಆಮದು ಮಾಡಿಕೊಳ್ಳುತ್ತ 65001 ಎಂಬ ಸಂಖ್ಯೆಯ ಯುಟಿಎಫ್-8 ಸಂಕೇತವನ್ನು ಆರಿಸಿದರೆ ಕನ್ನಡ ಮರಳುತ್ತದೆ.

ಅಂಕಿಗಳಲ್ಲಿ ಬರುವ ದೋಷ ಅಕ್ಷರದ ದೋಷದಂತೆ ಕಣ್ಣಿಗೆ ಹೊಡೆಯುವುದಿಲ್ಲ. ಸಂಖ್ಯೆಯು ಪಠ್ಯವಾಗಿ ದಾಖಲಾಗಿದ್ದರೆ ಚಾರ್ಟ್ ಅದನ್ನು ಸೊನ್ನೆಯೆಂದು ಬಿಡಿಸುತ್ತದೆ. ಚೌಕದ ಎಡಕ್ಕೆ ಒತ್ತಿಕೊಂಡ ಅಂಕಿ, ಮೂಲೆಯಲ್ಲಿ ಪುಟ್ಟ ಹಸಿರು ತ್ರಿಕೋನ ಇದರ ಗುರುತು. ದಿನಾಂಕದ್ದು ಇನ್ನೂ ಸೂಕ್ಷ್ಮ. ನಮ್ಮ ಮೆಟ್ರೋದ ನೇರಳೆ ಮಾರ್ಗ ಪಶ್ಚಿಮಕ್ಕೆ ಚಾಚಿಕೊಂಡ ದಿನಗಳನ್ನೇ ತೆಗೆದುಕೊಂಡರೆ, ಮಾಗಡಿ ರಸ್ತೆಯಿಂದ ಮೈಸೂರು ರಸ್ತೆಯವರೆಗೆ 16-11-2015ರಂದು, ಅಲ್ಲಿಂದ ಕೆಂಗೇರಿಗೆ 30-08-2021ರಂದು, ಕೆಂಗೇರಿಯಿಂದ ಚಲ್ಲಘಟ್ಟಕ್ಕೆ 09-10-2023ರಂದು ಪ್ರಯಾಣಿಕರಿಗೆ ರೈಲು ದೊರೆಯಿತು. ದಿನಾಂಕವೆಂದು ಸರಿಯಾಗಿ ದಾಖಲಾದರೆ ಎಕ್ಸೆಲ್ ಮೊದಲನೆಯದನ್ನು 42324 ಎಂಬ ಸಂಖ್ಯೆಯಾಗಿ ಇಟ್ಟುಕೊಂಡು, ಗೆರೆಯ ಚಾರ್ಟಿನಲ್ಲಿ ಮೊದಲೆರಡರ ನಡುವೆ ಸುಮಾರು ಆರು ವರ್ಷದ, ಕೊನೆಯೆರಡರ ನಡುವೆ ಎರಡು ವರ್ಷದ ಅಂತರವನ್ನು ಅಳತೆಗೆ ತಕ್ಕಂತೆ ತೋರಿಸುತ್ತದೆ. ಅಮೆರಿಕದ ರೂಢಿಯಂತೆ ತಿಂಗಳನ್ನು ಮೊದಲು ಓದುವ ಕಂಪ್ಯೂಟರಿನಲ್ಲಿ ಇವನ್ನೇ ಟೈಪ್ ಮಾಡಿದರೆ, ಹದಿನಾರನೆಯ ತಿಂಗಳೂ ಮೂವತ್ತನೆಯ ತಿಂಗಳೂ ಇಲ್ಲದ ಕಾರಣ ಮೊದಲೆರಡು ಬರಿಯ ಪಠ್ಯವಾಗುತ್ತವೆ. ಮೂರನೆಯದು ಯಾರಿಗೂ ತಿಳಿಯದಂತೆ ಸೆಪ್ಟೆಂಬರ್ 10 ಆಗಿಬಿಡುತ್ತದೆ. ಮೊದಲೆರಡು ತಪ್ಪುಗಳು ಸಿಕ್ಕಿಬೀಳುತ್ತವೆ, ಮೂರನೆಯದು ಅಚ್ಚಾಗುತ್ತದೆ. ಹಳೆಯ ಮ್ಯಾಕ್ ಕಂಪ್ಯೂಟರುಗಳ ಫೈಲುಗಳಲ್ಲಿ ದಿನಗಳ ಎಣಿಕೆ 1900ರ ಬದಲು 1904ರಿಂದ ಆರಂಭವಾಗುವುದರಿಂದ, ಅಲ್ಲಿಂದ ನಕಲಿಸಿದ ದಿನಾಂಕಗಳಲ್ಲಿ 1,462 ದಿನಗಳ ವ್ಯತ್ಯಾಸ ಬರಬಹುದು.

ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ಎಕ್ಸೆಲ್ ಫೈಲುಗಳನ್ನು ತೆರೆಯುತ್ತದೆ, ಸಾಮಾನ್ಯ ಚಾರ್ಟುಗಳನ್ನು ತಕ್ಕಮಟ್ಟಿಗೆ ಉಳಿಸುತ್ತದೆ. ಫಾಂಟಿನ ಅಳತೆ, ಬಣ್ಣ, ಹೆಸರುಗಳ ಸ್ಥಾನ ಸ್ವಲ್ಪ ಸರಿಯಬಹುದು. ಹಳೆಯ ಎಕ್ಸೆಲ್ ಇರುವ ಕಡೆ ಇದನ್ನು ಹಾಕಿಕೊಳ್ಳುವುದೇ ಲೇಸು, ಏಕೆಂದರೆ ಆಫೀಸ್ 2007ಕ್ಕೆ 2017ರಲ್ಲಿ, 2010ಕ್ಕೆ 2020ರಲ್ಲಿ, 2016 ಮತ್ತು 2019ಕ್ಕೆ 2025ರ ಅಕ್ಟೋಬರ್ 14ರಂದು ಕಂಪನಿಯ ಬೆಂಬಲ ನಿಂತುಹೋಗಿದೆ, ಭದ್ರತೆಯ ತಿದ್ದುಪಡಿಗಳೂ ನಿಂತಿವೆ.

ಹಳೆಯ ಆವೃತ್ತಿಗಳು ಮರೆಯಾಗುತ್ತಿರುವ ಈ ಹೊತ್ತಿನಲ್ಲಿ ಸಂಘಗಳ ಕಾರ್ಯದರ್ಶಿಗಳೂ ಗುಮಾಸ್ತರೂ ಮಾಡಬೇಕಾದ ಒಂದು ಕೆಲಸವಿದೆ. ಕಚೇರಿಯ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು, ನುಡಿ ಫಾಂಟು ಇನ್ನೂ ಅದರಲ್ಲಿ ಜೀವಂತವಾಗಿರುವಾಗಲೇ, ಹಿಂದಿನ ವರ್ಷಗಳ ಲೆಕ್ಕದ ಫೈಲುಗಳನ್ನು ಒಂದೊಂದಾಗಿ ತೆರೆದು, ಹೆಸರುಗಳನ್ನು ಯೂನಿಕೋಡಿಗೆ ಬದಲಿಸಿ, ಎಕ್ಸ್‌ಎಲ್‌ಎಸ್‌ಎಕ್ಸ್ ಆಗಿ ಉಳಿಸಿ, ಪ್ರತಿಯೊಂದರ ಜೊತೆಗೆ ಚಾರ್ಟುಗಳು ಸರಿಯಾಗಿ ಕಾಣುವ ಒಂದು ಪಿಡಿಎಫ್ ಪ್ರತಿಯನ್ನೂ ಇಡಬೇಕು. ಈ ವರ್ಷದ ಸರ್ವಸದಸ್ಯರ ಸಭೆಯ ನೋಟಿಸು ಹೊರಡುವ ಮುನ್ನ ಇದನ್ನು ದಯವಿಟ್ಟು ಮಾಡಿ ಮುಗಿಸಿ.